ಕೈತೂಕದ ಪವರ್ ಸಪ್ಲೈ

ಕಿರ್ಗಿಜರ ನಾಡಿನ ಕೊಚ್ಕೋರಿನ ಶನಿವಾರದ ದನದ ಸಂತೆಯಲ್ಲಿ ಸಬಿರ್‌ಕುಲನ ಬಲಗೈಗೆ ಇದ್ದ ಮರ್ಯಾದೆ ಅವನ ಉಳಿದ ದೇಹಕ್ಕೆ ಇರಲಿಲ್ಲ. ಕಾಲು ಸೊಟ್ಟ, ಹೊಟ್ಟೆ ಮುಂದೆ, ಬಾಯಿ ಹೊಟ್ಟೆಗಿಂತ ಮುಂದೆ. ಆದರೆ ಆ ಕೈಯನ್ನು ಕುರಿಯ ಬೆನ್ನಿನ ಮೇಲೆ, ಪಕ್ಕೆಲುಬು ಮುಗಿದು ಸೊಂಟ ಶುರುವಾಗುವ ಕಡೆ ಇಟ್ಟು ಅವನು ಕಣ್ಣು ಮುಚ್ಚಿದನೆಂದರೆ ಸುತ್ತಲಿನವರು ಮಾತು ನಿಲ್ಲಿಸುತ್ತಿದ್ದರು. ಆಮೇಲೆ ಬಾಲದ ಕೊಬ್ಬನ್ನು ಅಂಗೈಯಲ್ಲಿ ಒಮ್ಮೆ ಎತ್ತಿ ಬಿಟ್ಟು, ಚರ್ಮ ಸುಲಿದ ಮೇಲೆ ಎಷ್ಟು ಮಾಂಸ ಉಳಿಯುತ್ತದೆ ಎಂದು ಹೇಳಿಬಿಡುತ್ತಿದ್ದ. ತಕ್ಕಡಿ ಇಟ್ಟುಕೊಂಡವರೂ ಬಂದು ಅವನ ಕೈಯನ್ನು ಕೇಳುತ್ತಿದ್ದರು. ಆ ಕೈ ತಪ್ಪಿದ್ದೇ ಇಲ್ಲ ಎನ್ನುವುದು ಸಂತೆಯಲ್ಲಿ ಎಲ್ಲರೂ ಹೇಳುವ ಮಾತು. ಮೊದಲು ಹೇಳಿದವನು ಸಬಿರ್‌ಕುಲನೇ ಇರಬೇಕು.

ಕಸುಬಿನಲ್ಲಿ ಅವನು ದಲ್ಲಾಳಿ. ಮಾರುವವನ ಕೈಯನ್ನೂ ಕೊಳ್ಳುವವನ ಕೈಯನ್ನೂ ಹಿಡಿದು ಸೇರಿಸಿ, ಬೆಲೆ ಕೂಡಿಬರುವವರೆಗೆ ಇಬ್ಬರ ತೋಳೂ ಕಳಚುವ ಹಾಗೆ ಕುಲುಕುವುದು ಅವನ ಕೆಲಸ. ಬೆಲೆ ಕೂಡಿತೆಂದರೆ ಎರಡೂ ಕೈ ಬಿಡಿಸಿ, 'ಬರಕತ್ತಾಗಲಿ' ಎನ್ನುತ್ತಿದ್ದ. ಅಲ್ಲಿಗೆ ಮುಗಿಯಿತು. ಕುರಿ ಮಾರನೆಯ ದಿನ ಕುಂಟಲಿ, ಮೇವು ಬಿಡಲಿ, ಸಾಯಲಿ, ಅದು ಕೊಂಡವನ ಹಣೆಬರಹ. ಕೊಂಡ ಪ್ರಾಣಿಯನ್ನು ಹಿಂದಕ್ಕೆ ತಂದವರನ್ನು ಸಬಿರ್‌ಕುಲ್ ಸಂತೆಯ ಬಾಗಿಲಲ್ಲೇ ನಿಲ್ಲಿಸಿ, ಊರಿಗೆಲ್ಲ ಕೇಳುವ ಹಾಗೆ ಬೈದು ಕಳಿಸುತ್ತಿದ್ದ. ಕೈ ಬಿಟ್ಟಾದ ಮೇಲೆ ವಾಪಸು ತರುವವನು ಅವನ ಲೆಕ್ಕದಲ್ಲಿ ಗಂಡಸೇ ಅಲ್ಲ.

ಮೋಸಗಾರರ ವರಸೆಗಳೆಲ್ಲ ಅವನಿಗೆ ಗೊತ್ತಿದ್ದವು. ಕೆಲವರು ಸಂತೆಯ ಬೆಳಗ್ಗೆ ಕುರಿಗೆ ಉಪ್ಪು ತಿನ್ನಿಸಿ ಹೊಟ್ಟೆ ಬಿರಿಯುವಷ್ಟು ನೀರು ಕುಡಿಸಿ ತರುತ್ತಾರೆ. ತಕ್ಕಡಿಗೆ ಅದು ಒಳ್ಳೆಯ ಕುರಿ. ಸಬಿರ್‌ಕುಲ್ ಅದರ ಪಕ್ಕೆಗೆ ಮೊಣಕಾಲಿನಿಂದ ಮೆಲ್ಲಗೆ ತಟ್ಟಿ, ಒಳಗೆ ನೀರು ತುಳುಕುವುದನ್ನು ಕೇಳಿ, ಮಾರುವವನ ಕಡೆ ತಿರುಗಿ, ನಿನ್ನ ಕೆರೆಯನ್ನು ಮನೆಗೆ ಹೊಡ್ಕೊಂಡು ಹೋಗಪ್ಪ ಎನ್ನುತ್ತಿದ್ದ.

ಇಷ್ಟಕ್ಕೇ ನಿಂತಿದ್ದರೆ ಒಳ್ಳೆಯದಿತ್ತು. ಆದರೆ ಕೈ ಹೆಸರು ಮಾಡಿದ ಮೇಲೆ ಅದನ್ನು ಕುರಿಗೆ ಮಾತ್ರ ಇಟ್ಟುಕೊಳ್ಳಲು ಅವನಿಗೆ ಮನಸ್ಸು ಬರಲಿಲ್ಲ. ಕಲ್ಲಂಗಡಿ, ಕಬ್ಬಿಣದ ಒಲೆ, ಹೊಲಿಗೆ ಯಂತ್ರ, ಟೀವಿ, ಏನೇ ಕೊಂಡರೂ ಎತ್ತಿ, ಕಣ್ಣು ಮುಚ್ಚಿ, ಭಾರವಾದದ್ದನ್ನೇ ತರುತ್ತಿದ್ದ. ಆ ಹೊಲಿಗೆ ಯಂತ್ರವನ್ನು ಹೆಂಡತಿ ಕಲಿಪಾ ಇವತ್ತಿಗೂ ಒಬ್ಬಳೇ ಎತ್ತಲಾರಳು. ಕಲಿಪಾ ಶಿಶುವಿಹಾರದಲ್ಲಿ ಅಡುಗೆ ಮಾಡಿ ನಿವೃತ್ತಳಾದವಳು. ನೂರು ಮಕ್ಕಳಿಗೆ ದಿನವೂ ಗಂಜಿ ಕುಡಿಸಿದವಳಾದ್ದರಿಂದ ಗಂಡನ ಜಂಬ ಅವಳಿಗೆ ದೊಡ್ಡ ಕಷ್ಟ ಅನಿಸುತ್ತಿರಲಿಲ್ಲ.

ಅರವತ್ತರ ಹತ್ತಿರ ಬಂದಾಗ ಸಬಿರ್‌ಕುಲನ ಮಂಡಿ ಕೆಟ್ಟಿತು. ಹಿಮದಲ್ಲಿ ಗಂಟೆಗಟ್ಟಲೆ ನಿಲ್ಲಬಾರದು ಎಂದರು ಡಾಕ್ಟರು. ಅವನು ಒಲೆಯ ಪಕ್ಕ ಕೂತು, ಕಲಿಪಾ ಅಂಗಡಿಯಿಂದ ತಂದ ಪ್ರತಿ ಈರುಳ್ಳಿಯನ್ನೂ ಎತ್ತಿ ನೋಡಿ ಮೂಗು ಮುರಿಯತೊಡಗಿದ. ಹೀಗಾಗಿ ಒಂದು ದಿನ ಗಡಿಯಾಚೆಯ ಕರಗಂದದಿಂದ ಯೆಸಿಮ್‌ಖಾನನ ಫೋನು ಬಂದಾಗ, ಗಂಡನಿಗಿಂತ ಹೆಚ್ಚು ಸಂತೋಷಪಟ್ಟವಳು ಅವಳು.

ಯೆಸಿಮ್‌ಖಾನ್, ಜಿಜ್ಜಾಖಿನ ನೋರ್‌ಮುರೋದ್, ಕೊಚ್ಕೋರಿನ ಸಬಿರ್‌ಕುಲ್, ಈ ಮೂವರೂ ಸೋವಿಯತ್ ಕಾಲದಲ್ಲಿ ಜರ್ಮನಿಯಲ್ಲಿ ಒಂದೇ ಟ್ಯಾಂಕಿನಲ್ಲಿ ದುಡಿದವರು. ಯೆಸಿಮ್‌ಖಾನ್ ಕಮಾಂಡರ್, ನೋರ್‌ಮುರೋದ್ ಗುರಿಕಾರ, ಸಬಿರ್‌ಕುಲ್ ಚಾಲಕ. ಸೈನ್ಯ ಬಿಟ್ಟ ಮೇಲೆ ಒಬ್ಬ ಕಲ್ಲಿದ್ದಲ ಗಣಿಗಿಳಿದ, ಒಬ್ಬ ದಾಳಿಂಬೆ ತೋಟ ಮಾಡಿದ, ಒಬ್ಬ ಕುರಿ ಮುಟ್ಟಿದ. ಈಗ ಯೆಸಿಮ್‌ಖಾನ್ ಒಂದು ಕಂಪ್ಯೂಟರ್ ಆಟ ಹುಡುಕಿಕೊಂಡಿದ್ದ. ಮೂವರು ಮೂರು ಊರಿನಲ್ಲಿ ತಮ್ಮ ತಮ್ಮ ಮನೆಯಲ್ಲೇ ಕೂತು ಒಂದೇ ಟ್ಯಾಂಕು ನಡೆಸಬಹುದು. ಒಬ್ಬ ಓಡಿಸಬೇಕು, ಒಬ್ಬ ಗುಂಡು ಹಾರಿಸಬೇಕು, ಒಬ್ಬ ಅಪ್ಪಣೆ ಕೊಡಬೇಕು. ಪ್ರತಿ ಶುಕ್ರವಾರ ಸಂಜೆ ಕಿವಿಗೆ ಹೆಡ್‌ಫೋನ್ ಏರಿಸಿ ಸಬಿರ್‌ಕುಲ್ ಕೂತನೆಂದರೆ ಆ ಹಳೆಯ ಧ್ವನಿ 'ಎಡಕ್ಕೆ, ಇನ್ನೂ ಎಡಕ್ಕೆ, ಹಾಂ, ಒತ್ತು' ಎನ್ನುತ್ತಿತ್ತು. ಧ್ವನಿಯ ಹಿಂದೆ ಗಣಿಯ ಕೆಮ್ಮು ಸೇರಿಕೊಂಡಿದ್ದದ್ದು ಮಾತ್ರ ಹೊಸದು. ಸಂಜೆ ಚಳಿ ಬಿದ್ದಂತೆ ಅದು ಜಾಸ್ತಿಯಾಗುತ್ತಿತ್ತು. ಮಂಡಿ, ಮುಪ್ಪು, ಈರುಳ್ಳಿ ಎಲ್ಲ ಮರೆತುಹೋಗುವ ಆ ಹೊತ್ತಿಗಾಗಿ ಸಬಿರ್‌ಕುಲ್ ವಾರವಿಡೀ ಕಾಯುತ್ತಿದ್ದ.

ಹಳೆಯ ಲ್ಯಾಪ್‌ಟಾಪಿನಲ್ಲಿ ಟ್ಯಾಂಕು ಎಡಕ್ಕೆ ಎಂದಾಗ ಸ್ವಲ್ಪ ಯೋಚಿಸಿ ತಿರುಗುತ್ತಿತ್ತು. ಆಗ ಒಂದು ಹೋರಿ ಮಾರಿ, ಬಿಡಿಭಾಗಗಳನ್ನು ಒಂದೊಂದಾಗಿ ತರಿಸಿ, ಕಂಪ್ಯೂಟರನ್ನು ತಾನೇ ಜೋಡಿಸಿದ. ಯಾರ ನೆರವೂ ಬೇಡವೆಂದ. ಕುರಿ ಬಿಡಿಸಿ ಯಾವ ತುಂಡು ಯಾವ ಅತಿಥಿಗೆ ಎಂದು ಬಲ್ಲವನಿಗೆ ಇದೇನು ಮಹಾ ಎಂದು ಕೇಳಿದ. ಫೋನಿನಲ್ಲಿ ವಿಡಿಯೋ ನೋಡಿ ನೋಡಿ ಹಾಸಿನ ಮೇಲೆ ಎಲ್ಲ ಹರಡಿಕೊಂಡು ಕೂತು ಜೋಡಿಸಿದ್ದಂತೂ ನಿಜ, ಅದು ಚಾಲೂ ಆದದ್ದೂ ನಿಜ. ಬಂದವರಿಗೆಲ್ಲ ಗಾಜಿನೊಳಗಿನ ಬಣ್ಣದ ದೀಪ ತೋರಿಸಿ, ಆ ಕಡೆಯ ಪದ್ಧತಿಯಂತೆ ಹೊಸದನ್ನು ನೋಡಿದ್ದಕ್ಕೆ ಉಡುಗೊರೆ ವಸೂಲು ಮಾಡಿಕೊಂಡ. ಒಳಗೆ ಒಂದು ಮೂಲೆಯಲ್ಲಿ, ಯಾರ ಕಣ್ಣಿಗೂ ಬೀಳದಂತೆ, ಪವರ್ ಸಪ್ಲೈ ಇತ್ತು. ಗೋಡೆಯ ಕರೆಂಟನ್ನು ಪಳಗಿಸಿ ಉಳಿದವರಿಗೆಲ್ಲ ಅವರವರ ಪಾಲು ಹಂಚುವ ಕಬ್ಬಿಣದ ಪೆಟ್ಟಿಗೆ. ಹೊರಡಬ್ಬಿಯ ಜತೆ ಪುಕ್ಕಟೆ ಬಂದದ್ದನ್ನೇ ಅವನು ಇಟ್ಟಿದ್ದ. ಕಾಣದ ವಸ್ತುವಿಗೆ ಉಡುಗೊರೆ ಯಾರು ಕೊಡುತ್ತಾರೆ?

ಮೊದಲ ಶುಕ್ರವಾರವೇ ಅದು ತನ್ನ ಬುದ್ಧಿ ತೋರಿಸಿತು. ಕತ್ತಲಾಗುತ್ತಿದ್ದಂತೆ ಕೊಚ್ಕೋರಿನ ಮನೆಮನೆಯಲ್ಲೂ ಹೀಟರ್ ಹಚ್ಚುತ್ತಾರೆ, ಬಲ್ಬುಗಳು ಡಿಮ್ಮಾಗುತ್ತವೆ. ಪರದೆಯ ಮೇಲೆ ಯುದ್ಧ ಕಾವೇರಿತ್ತು. ಹೆಡ್‌ಫೋನಿನಲ್ಲಿ ಯೆಸಿಮ್‌ಖಾನ್ ಕೆಮ್ಮುತ್ತಿದ್ದ. ಟ್ಯಾಂಕು ಇಕ್ಕಟ್ಟಾದ ಬೀದಿಗೆ ಇಳಿದು, ಒಂದು ಗುಂಡು ಸಿಡಿದು ಎಲ್ಲೆಡೆ ಬೆಂಕಿ ಹೊಗೆ ಎದ್ದಾಗ, ಕಂಪ್ಯೂಟರು ಪ್ರಾಣ ಬಿಟ್ಟಿತು. ಮತ್ತೆ ಹಚ್ಚುವ ಹೊತ್ತಿಗೆ ಚಾಲಕನಿಲ್ಲದ ಟ್ಯಾಂಕು ನಡುಬೀದಿಯಲ್ಲಿ ಸುಟ್ಟು ಕರಕಲಾಗಿತ್ತು. ಮುಂದಿನ ಶುಕ್ರವಾರವೂ ಅದೇ ಹೊತ್ತಿಗೆ ಹಾಗೆಯೇ ಆಯಿತು. ಅದರ ಮುಂದಿನ ವಾರವೂ.

ಸಬಿರ್‌ಕುಲ್ ತಪ್ಪನ್ನು ಕೆಟಲ್ಲಿನ ಮೇಲೆ ಹೊರಿಸಿದ. ಯುದ್ಧದ ಹೊತ್ತಿನಲ್ಲಿ ಚಹಾ ಇಡಬಾರದೆಂದು ಆಜ್ಞೆ ಹೊರಡಿಸಿದ. ಆ ಮನೆಯಲ್ಲಿ ಹಾಗೆ ಯಾರೂ ಮಾತಾಡಿರಲಿಲ್ಲ.

"ಈ ಮನೇಲಿ ಮಗು ಹುಟ್ಟಿದ್ದಕ್ಕೂ ಚಹಾ ಕುಡ್ದಿದೀವಿ, ಹೆಣ ಎತ್ತಿದ್ದಕ್ಕೂ ಕುಡ್ದಿದೀವಿ," ಎಂದಳು ಕಲಿಪಾ. "ಈಗ ಜರ್ಮನೀಲಿ ನಿಂಗೆ ಯುದ್ಧ ಇದೆ ಅಂತ ಕೆಟಲ್ ಇಡಬಾರದಾ ಮುದುಕಾ?"

ಆದರೂ ಇಡಲಿಲ್ಲ. ಹೆಂಡತಿ ಒಣಬಾಯಲ್ಲಿ ಕೂತು ನೋಡುತ್ತಿದ್ದಂತೆ ಕಂಪ್ಯೂಟರು ಸರಿಯಾದ ಹೊತ್ತಿಗೆ ಆರಿತು. ಅವಳು ಎದ್ದುಹೋಗಿ ಕೆಟಲ್ ಹಚ್ಚಿದಳು.

ಅಂದು ಯೆಸಿಮ್‌ಖಾನ್ ಫೋನು ಮಾಡಿದ. ಅವನ ಧ್ವನಿ ಒಣಗಿತ್ತು.

"ಇನ್ನೊಂದ್ಸಲ ನಡುಬೀದೀಲಿ ಬಿಟ್ಟು ಹೋದ್ರೆ, ನನ್ನ ತಂಗಿ ಮಗನ್ನ ಕೂರಿಸ್ತೀನಿ. ಅವ್ನು ಟ್ಯಾಕ್ಸಿ ಓಡಿಸ್ತಾನೆ. ಕೂತ ಸೀಟು ಬಿಟ್ಟು ಏಳಲ್ಲ."

ಅದೇ ಕರೆಯಲ್ಲಿದ್ದು ನಡುವೆ ಬಾಯಿ ಹಾಕಿದ ನೋರ್‌ಮುರೋದ್, ಕಿರ್ಗಿಜರಿಗೆ ಕುದುರೆ ಕೊಟ್ಟರೆ ನಿಲ್ಲಿಸದೆ ಓಡಿಸ್ತಾರೆ, ಕಬ್ಬಿಣ ಕೊಟ್ಟರೆ ಹುಲ್ಲು ಮೇಯಲಿ ಅಂತ ಬಿಡ್ತಾರೆ ಎಂದು ನಗಾಡಿದ. ಸಬಿರ್‌ಕುಲನಿಗೆ ನಗು ಬರಲಿಲ್ಲ. ಸಂತೆ ಹೋಗಿತ್ತು. ಈ ಸೀಟೂ ಹೋದರೆ ತಾನು ಒಲೆಯ ಪಕ್ಕದ ಈರುಳ್ಳಿ ಪರೀಕ್ಷಕನಷ್ಟೇ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಭಯವಾಯಿತು.

ವಿಡಿಯೋಗಳಲ್ಲಿ ಹುಡುಕಿದಾಗ ರೋಗ ಪವರ್ ಸಪ್ಲೈನದ್ದೆಂದು ತಿಳಿಯಿತು. ಒಂದು ವಿಡಿಯೋದಲ್ಲಿ ಯಾರೋ ಗಡ್ಡದವನು, ಒಳ್ಳೆಯ ಪವರ್ ಸಪ್ಲೈ ಕೈಗೆ ಭಾರವಾಗಿರುತ್ತದೆ, ಕಳಪೆಯದು ಹಗುರ ಎಂದ. ಅವನು ಆಮೇಲೆ ಏನೇನೋ ಹೇಳಿದ. ಸಬಿರ್‌ಕುಲನಿಗೆ ಅಷ್ಟು ಸಾಕಾಗಿತ್ತು. ಮರುದಿನವೇ ಎದ್ದು ಟೊಪ್ಪಿಗೆ ಹಾಕಿಕೊಂಡು, ಬೋಮ್ ಕಣಿವೆ ದಾಟಿ ರಾಜಧಾನಿ ಬಿಷ್ಕೆಕ್ಕಿಗೆ ಇಳಿದ.

ಅಲ್ಲಿನ ಬಜಾರಿನ ಒಂದು ಸಾಲಿನಲ್ಲಿ ಕಂಪ್ಯೂಟರ್ ಸಾಮಾನಿನ ಅಂಗಡಿಗಳಿವೆ. ಸಬಿರ್‌ಕುಲ್ ಅಂಗಡಿಯಿಂದ ಅಂಗಡಿಗೆ ಹೋಗಿ, ಪೆಟ್ಟಿಗೆಗಳನ್ನು ಹೊರತೆಗೆಸಿ, ಅಂಗೈ ಮೇಲಿಟ್ಟು ಕಣ್ಣು ಮುಚ್ಚಿದ. ಮೇಲೆ ಬರೆದದ್ದನ್ನು ಯಾವುದರಲ್ಲೂ ಓದಲಿಲ್ಲ. ಕುರಿಯ ಮೇಲೆ ಬರೆದಿರುತ್ತದೆಯೇ? ಕೆಂಪು ಟೊಪ್ಪಿಗೆಯ ಒಬ್ಬ ವ್ಯಾಪಾರಿ ದೂರದಿಂದಲೇ ಈ ಪರೀಕ್ಷೆಯನ್ನು ನೋಡುತ್ತಿದ್ದ. ಸಬಿರ್‌ಕುಲ್ ತನ್ನ ಮುಂದೆ ಬರುವ ಹೊತ್ತಿಗೆ ಅವನು ಕೆಳಗಿನ ಕಪಾಟಿನಿಂದ ಒಂದನ್ನು ಎರಡೂ ಕೈಯಲ್ಲಿ ಎತ್ತಿ, ಮುಕ್ಕಿರಿದು, ಮೇಜಿನ ಮೇಲೆ ಇಟ್ಟಿದ್ದ. ಇದನ್ನ ಎಲ್ಲರಿಗೂ ತೋರಿಸಲ್ಲ ಬೈಕೆ ಎಂದ. ಬೈಕೆ ಎಂದರೆ ಅಣ್ಣ. ಮೋಸ ಮಾಡುವವರು ಆ ಊರಲ್ಲೂ ಮೊದಲು ಅಣ್ಣ ಎಂದೇ ಕರೆಯುತ್ತಾರೆ.

ಸಬಿರ್‌ಕುಲ್ ಅದನ್ನು ಅಂಗೈಗೆ ತೆಗೆದುಕೊಂಡ. ಕಣ್ಣು ಮುಚ್ಚಿದ. ಮುಖದಲ್ಲಿ ನಗು ಹರಡಿತು. ಇದು ಕುರಿಯಾಗಿದ್ದರೆ ಮದುವೆ ಮನೆಗೆ ಹೋಗುವ ಕುರಿ. ಚೌಕಾಸಿ ನಡೆಯಿತು, ಕೈ ಕುಲುಕಾಟ ನಡೆಯಿತು, 'ಬರಕತ್ತಾಗಲಿ' ಆಯಿತು. ವ್ಯಾಪಾರಿ ಪದ್ಧತಿಯಂತೆ ಚೀಟಿ ಬರೆಯಲು ಪೆನ್ನು ತೆಗೆದು, ಎರಡು ವಾರದೊಳಗೆ ಹಾಳಾದರೆ ತರಬಹುದು ಎಂದ. ಸಬಿರ್‌ಕುಲನಿಗೆ ಅದು ಬೈಗುಳದಂತೆ ಕೇಳಿಸಿತು.

"ಕೈ ಬಿಟ್ಟಾದ್ಮೇಲೆ ಚೀಟಿ ಯಾಕಪ್ಪ? ನಾನೇನು ಕೊಂಡಿದ್ದನ್ನ ಹಿಂದಕ್ಕೆ ಹೊಡ್ಕೊಂಡು ಬರೋನ ಥರ ಕಾಣ್ತೀನಾ?"

ಕೆಂಪು ಟೊಪ್ಪಿಗೆಯವನು ಅವನನ್ನು ಬಹಳ ಗೌರವದಿಂದ ನೋಡಿ ಪೆನ್ನು ಒಳಗಿಟ್ಟ. ಇಂಥ ಗಿರಾಕಿಗಳು ದಿನವೂ ಸಿಗುವುದಿಲ್ಲ.

ಶುಕ್ರವಾರ ಸಬಿರ್‌ಕುಲ್ ತಂಡಕ್ಕೆ ದೊಡ್ಡ ಭಾಷಣ ಮಾಡಿದ. ಇನ್ನು ಭೂಕಂಪವಾದರೂ ತನ್ನ ಯಂತ್ರ ನಿಲ್ಲದೆಂದ. ಕಲಿಪಾಗೆ ಚಹಾ ಇಡಲು ಅನುಮತಿ ಕೊಟ್ಟ. ಮೊದಲ ಯುದ್ಧ ಗೆದ್ದರು. ಎರಡನೆಯದರ ನಡುವೆ ಬಲ್ಬು ಡಿಮ್ಮಾಯಿತು, ಯೆಸಿಮ್‌ಖಾನನ ಕೆಮ್ಮು ಶುರುವಾಯಿತು, ಗುಂಡು ಸಿಡಿಯಿತು. ಈ ಸಲ ಕಂಪ್ಯೂಟರು ಸುಮ್ಮನೆ ಆರಲಿಲ್ಲ. ಒಳಗಿನಿಂದ ಟಪ್ಪೆಂದು ಸದ್ದಾಗಿ, ಸುಟ್ಟ ಉಣ್ಣೆಯಂಥ ವಾಸನೆ ಎದ್ದು, ಮನೆಯ ಬೆಕ್ಕು ಹೊರಗೋಡಿತು.

ಫೋನಿನಲ್ಲಿ ಸಬಿರ್‌ಕುಲ್ ಬೇಡಿಕೊಳ್ಳಬೇಕಾಯಿತು. ಯೆಸಿಮ್‌ಖಾನ್ ಬರುವ ಶುಕ್ರವಾರ ಕೊನೆಯದು, ಆಮೇಲೆ ತನ್ನ ತಂಗಿ ಮಗ ಕೂರುತ್ತಾನೆ ಎಂದು ಹೇಳಿ ಇಟ್ಟುಬಿಟ್ಟ.

ಬೆಳಗ್ಗೆ ಸಬಿರ್‌ಕುಲ್ ಸತ್ತ ಪೆಟ್ಟಿಗೆಯ ತಿರುಪು ಬಿಚ್ಚಿದ. ಒಳಗೆ ಒಂದು ಕೈಯಗಲದ ಹಲಗೆ, ನಾಲ್ಕು ತೆಳ್ಳನೆಯ ತಂತಿ, ಸುಟ್ಟ ಕಲೆ. ಉಳಿದ ಜಾಗದಲ್ಲಿ ಅಂಟು ಹಾಕಿ ಕೂರಿಸಿದ ಸಿಮೆಂಟಿನ ಗಟ್ಟಿ. ಅವನು ಅದನ್ನು ಕಿತ್ತು ಅಂಗೈ ಮೇಲೆ ಇಟ್ಟುಕೊಂಡ. ಒಳ್ಳೆಯ ಭಾರವಿತ್ತು.

ಕಲಿಪಾ ಬಂದು ನೋಡಿದಳು. ಮೊದಲು ಗಂಡನ ಮುಖ ನೋಡಿ ನಗು ತಡೆದುಕೊಂಡಳು. ಆಮೇಲೆ ಆಗಲಿಲ್ಲ. ನಕ್ಕು ನಕ್ಕು ಗೋಡೆ ಹಿಡಿದು ಕೂತುಬಿಟ್ಟಳು.

"ಉಪ್ಪು ತಿನ್ಸಿ ನೀರು ಕುಡ್ಸಿದಾರೆ ಮುದುಕಾ," ಎಂದಳು, ಕಣ್ಣೊರೆಸಿಕೊಳ್ಳುತ್ತ. "ನಿನ್ನ ಕೈಗೇ ಕುಡ್ಸಿದಾರೆ."

ಸಬಿರ್‌ಕುಲ್ ಬಲಗೈಯನ್ನು ಕಂಕುಳಲ್ಲಿ ಅವುಚಿಕೊಂಡು ಕಿಟಕಿಯ ಕಡೆ ತಿರುಗಿದ. ಊರ ಮುಂದೆ ಮೀಸೆ ಮಣ್ಣಾಗಿದ್ದರೆ ಜಗಳವಾಡಿ ಗೆಲ್ಲಬಹುದಿತ್ತು, ತನ್ನ ಕೈಯ ಮುಂದೆಯೇ ಆಗಿದ್ದಕ್ಕೆ ಯಾರ ಜತೆ ಜಗಳವಾಡುವುದು? ಅವನಿಗೆ ನಿಜವಾಗಿಯೂ ಅಳು ಬಂದಿತ್ತು. ಅದನ್ನು ಕಂಡು ಕಲಿಪಾ ನಗು ನಿಲ್ಲಿಸಿದಳು. ವಾಪಸು ಕೊಟ್ಟು ಬಾ ಎಂದಳು. ಕೈ ಬಿಟ್ಟಾಗಿದೆ ಎಂದ. ಮೂವತ್ತು ವರ್ಷ ಸಂತೆಯ ಬಾಗಿಲಲ್ಲಿ ನಿಂತು ಬೈದವನು, ಈಗ ತಾನೇ ಹೋಗಿ ಬೈಸಿಕೊಳ್ಳುವುದಿಲ್ಲ ಎಂದ. ಅವಳು ಸಿಮೆಂಟಿನ ಗಟ್ಟಿಯನ್ನು ಕರವಸ್ತ್ರದಲ್ಲಿ ಸುತ್ತಿದಳು.

"ಬಿಟ್ಟಿದ್ದು ನಿನ್ನ ಕೈ ತಾನೆ? ನಾನು ಯಾರ ಕೈನೂ ಹಿಡ್ದಿಲ್ಲ, ಬಿಟ್ಟೂ ಇಲ್ಲ. ಏಳು, ಗಾಡಿ ಹೊರಡತ್ತೆ."

ಬಿಷ್ಕೆಕ್ಕಿನ ಬಜಾರಿನಲ್ಲಿ ಸಬಿರ್‌ಕುಲ್ ಎದುರುಸಾಲಿನ ಚಪ್ಪಲಿ ಅಂಗಡಿಯ ಮುಂದೆ ನಿಂತು, ಹೆಂಗಸರ ಬೂಟುಗಳನ್ನು ಬಹಳ ಗಮನವಿಟ್ಟು ನೋಡತೊಡಗಿದ. ತನಗೂ ಆ ಮುದುಕಿಗೂ ಸಂಬಂಧವಿಲ್ಲ ಎನ್ನುವಂತಿತ್ತು ಅವನ ಬೆನ್ನು. ಕಲಿಪಾ ಕೆಂಪು ಟೊಪ್ಪಿಗೆಯವನ ಮುಂದೆ ಗಂಟು ಬಿಚ್ಚಿದಳು. ಅವನು ಚೀಟಿ ಕೇಳಿದ. ಚೀಟಿ ಇರಲಿಲ್ಲ. ಸಿಮೆಂಟು ಯಾಕಿದೆ ಎಂದು ಅವಳು ಕೇಳಿದಾಗ, ಅದು ಪೆಟ್ಟಿಗೆ ಅಲುಗಾಡದಿರಲಿ ಅಂತ ಹಾಕೋದು ಅಪಾ, ಹೊಸ ಪದ್ಧತಿ ಎಂದ. ಅಪಾ ಎಂದರೆ ಅಮ್ಮ.

ಕಲಿಪಾ ಜಗಳವಾಡಲಿಲ್ಲ. ಅವನ ಸ್ಟೂಲನ್ನೇ ಎಳೆದುಕೊಂಡು ಅಂಗಡಿಯ ಬಾಯಿಗೆ ಕೂತಳು. ಬಂದ ಗಿರಾಕಿಯ ಕೈಗೆ ಸಿಮೆಂಟಿನ ಗಟ್ಟಿ ಕೊಟ್ಟಳು. "ಹಿಡ್ಕೊಂಡು ನೋಡಪ್ಪ. ಒಳ್ಳೆ ಭಾರ ಇದೆ. ಇವ್ನೇ ಮಾರೋದು," ಎಂದು ಶಿಶುವಿಹಾರದ ಮಕ್ಕಳಿಗೆ ಹೇಳುವ ಹಾಗೆ ಹೇಳಿದಳು. ಮೊದಲ ಗಿರಾಕಿ ಹಿಡಿದು ನೋಡಿ ಮುಂದೆ ಹೋದ. ಎರಡನೆಯವನು ಹೋದ. ಮೂರನೆಯವನು ತನ್ನ ಜತೆಗಿದ್ದವರಿಗೂ ಹಿಡಿಯಲು ಕೊಟ್ಟು ಹೋದ. ಅಷ್ಟರಲ್ಲಿ ಕೆಂಪು ಟೊಪ್ಪಿಗೆಯವನು ದುಡ್ಡು ಎಣಿಸಿ ಅವಳ ಮಡಿಲಿಗೆ ಹಾಕಿ, ಸ್ಟೂಲು ಬಿಟ್ಟುಕೊಡುವಂತೆ ಕೈ ಮುಗಿದ. ಸಿಮೆಂಟನ್ನೂ ತಗೊಂಡು ಹೋಗಿ ಎಂದ. ಅದು ನಿಂದೇ, ಇನ್ನೊಬ್ಬರಿಗೆ ಹಾಕೋಕೆ ಬೇಕಾಗತ್ತೆ ಎಂದಳು ಅವಳು.

ಬಜಾರಿನ ಕೊನೆಗೆ ಒಂದು ಸಣ್ಣ ಅಂಗಡಿ ಇತ್ತು. ನಡೆಸುತ್ತಿದ್ದವಳು ಐಸಾಲ್ಕಿನ್ ಎಂಬ ಹೆಂಗಸು, ನಲವತ್ತರ ಆಸುಪಾಸು, ಮೂಗಿನ ತುದಿಯಲ್ಲಿ ಕನ್ನಡಕ. ಸಬಿರ್‌ಕುಲ್ ಒಳಗೆ ಹೋಗಿ ಅಭ್ಯಾಸಬಲದಿಂದ ಒಂದು ಪೆಟ್ಟಿಗೆಗೆ ಕೈ ಹಾಕಿ, ನೆನಪಾಗಿ ಹಿಂದಕ್ಕೆ ತೆಗೆದುಕೊಂಡ. ಅವಳು ಸಾಮಾನು ತೋರಿಸುವ ಮೊದಲು ಪ್ರಶ್ನೆ ಕೇಳಿದಳು. ಯಾವ ಊರು, ಒಳಗೆ ಯಾವ ಗ್ರಾಫಿಕ್ಸ್ ಕಾರ್ಡು, ಯಾವ ಹೊತ್ತಿಗೆ ಆರುತ್ತೆ, ಸಂಜೆ ಕರೆಂಟು ಎಷ್ಟಕ್ಕೆ ಇಳಿಯುತ್ತೆ. ಕೊನೆಯದಕ್ಕೆ ಸಬಿರ್‌ಕುಲ್ ಸ್ವಲ್ಪ ಯೋಚಿಸಿ, ಬಲ್ಬು ನಿನ್ನೆಯ ಚಹಾದ ಬಣ್ಣಕ್ಕೆ ತಿರುಗುತ್ತೆ ಎಂದ. ಅವಳು ನಗದೆ ತಲೆಯಾಡಿಸಿ ಎರಡು ಪೆಟ್ಟಿಗೆ ಮುಂದಿಟ್ಟಳು.

"ಆತಾ, ಎತ್ತಿ ನೋಡ್ಬೇಡಿ. ಓದಿ," ಎಂದಳು, ಅಪ್ಪನನ್ನು ಕರೆಯುವ ಹಾಗೆ. "ಇದ್ರ ಮೇಲೆ ಇನ್ನೂರರಿಂದ ಇನ್ನೂರ ನಲವತ್ತು ವೋಲ್ಟು ಅಂತ ಇದೆ. ಇನ್ನೂರಕ್ಕಿಂತ ಕರೆಂಟು ಕೆಳಗಿಳಿದ್ರೆ ಇದು ಕೈಚೆಲ್ಲತ್ತೆ. ಈ ಇನ್ನೊಂದ್ರ ಮೇಲೆ ನೋಡಿ, ನೂರರಿಂದ ಇನ್ನೂರ ನಲವತ್ತು. ನಿಮ್ಮೂರೆಲ್ಲ ಹೀಟರ್ ಹಚ್ಕೊಂಡು ಕೂತ್ರೂ ಇದು ಕೂತ ಜಾಗ ಬಿಟ್ಟು ಏಳಲ್ಲ."

ಇಷ್ಟೇ ಅಲ್ಲ ಎಂದು ಅವಳು ಇನ್ನೂ ಹೇಳಿದಳು. ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿರುವ ಏಳುನೂರು ವ್ಯಾಟನ್ನು ನಂಬಬಾರದು, ಪಕ್ಕದಲ್ಲಿ ಸಣ್ಣಕ್ಷರದಲ್ಲಿ ಹನ್ನೆರಡು ವೋಲ್ಟಿನ ಸಾಲಿಗೆ ಎಷ್ಟು ಕೊಡುತ್ತದೆ ಎಂದಿರುತ್ತದೆ, ಗ್ರಾಫಿಕ್ಸ್ ಕಾರ್ಡು ತಿನ್ನುವುದು ಆ ತಟ್ಟೆಯಿಂದಲೇ. ಗುಂಡು ಸಿಡಿದಾಗ ಅದು ಒಮ್ಮೆಲೇ ಬಾಯಿ ತೆರೆಯುತ್ತದೆ, ಆಗ ಬಡಿಸಲು ತಾಕತ್ತಿರಬೇಕು. ಏನಾದರೂ ಹೆಚ್ಚುಕಡಿಮೆಯಾದರೆ ತಾನು ಸತ್ತರೂ ಉಳಿದವರನ್ನು ಸುಡದೆ ಸಾಯುವ ಬುದ್ಧಿ ಇರಬೇಕು. ಕಲಿಪಾ ಇದನ್ನೆಲ್ಲ ಅಡುಗೆಯವಳ ಕಿವಿಯಿಂದ ಕೇಳಿ ತಲೆದೂಗಿದಳು. ಆಮೇಲೆ, ಹಾಳಾದರೆ ಏನು ಮಾಡುತ್ತೀಯಮ್ಮ ಎಂದು ಕೇಳಿದಳು.

"ತಗೊಂಡ್ಬನ್ನಿ ಅಪಾ, ಬೇರೆ ಕೊಡ್ತೀನಿ. ಹತ್ತು ವರ್ಷದವರೆಗೆ."

ಸಬಿರ್‌ಕುಲ್ ಬೆಚ್ಚಿಬಿದ್ದ. ಕುರಿಗೆ ಸಂತೆಯ ಬಾಗಿಲವರೆಗೂ ಖಾತರಿ ಕೊಡದವನು ಅವನು. ವಾಪಸು ತೆಗೆದುಕೊಳ್ಳುತ್ತೇನೆ ಎನ್ನುವವಳಿಗೆ ತನ್ನ ಸಾಮಾನಿನ ಮೇಲೆ ನಂಬಿಕೆ ಇಲ್ಲವೆಂದೇ ಅರ್ಥವಲ್ಲವೇ ಎಂದು ಕೇಳಿದ. ನಂಬಿಕೆ ಇರೋದ್ರಿಂದಲೇ ಹತ್ತು ವರ್ಷ, ಇಲ್ಲದೋರು ಎರಡು ವಾರ ಅಂತಾರೆ ಎಂದಳು ಐಸಾಲ್ಕಿನ್.

"ನಿಂಗೆ ನನ್ನ ಕೊಡೋವಾಗ ನಮ್ಮಪ್ಪನಿಗೆ ಯಾರೂ ಹತ್ತು ದಿನದ ಚೀಟಿನೂ ಕೊಡ್ಲಿಲ್ಲ," ಎಂದಳು ಕಲಿಪಾ. ಅಷ್ಟು ಹೇಳಿ ಬಾಗಿಲ ಹತ್ತಿರ ಹೋಗಿ ನಿಂತಳು. ತೀರ್ಮಾನವನ್ನು ಗಂಡನಿಗೇ ಬಿಟ್ಟಿದ್ದಳು, ಅದು ಅವಳ ದೊಡ್ಡತನ.

ಅವನು ನೂರರಿಂದ ಶುರುವಾಗುವ ಪೆಟ್ಟಿಗೆಯನ್ನು ಕೊನೆಗೂ ಎತ್ತಿದ. ಎತ್ತದೆ ಇರುವುದು ಅವನಿಂದ ಆಗದ ಕೆಲಸ. ಕೆಂಪು ಟೊಪ್ಪಿಗೆಯವನದ್ದಕ್ಕಿಂತ ಹಗುರವಿತ್ತು. ಕೈ ಬೇಡವೆಂದಿತು. ಮೂವತ್ತು ವರ್ಷ ಅನ್ನ ಹಾಕಿದ ಕೈ, ಸ್ಪಷ್ಟವಾಗಿ ಬೇಡವೆಂದಿತು. ಸಬಿರ್‌ಕುಲ್ ಕಣ್ಣು ಮುಚ್ಚಲು ಹೋಗಿ, ಬಲವಂತವಾಗಿ ತೆರೆದುಕೊಂಡು, ಡಬ್ಬಿಯ ಪಕ್ಕದ ಸಣ್ಣಕ್ಷರಗಳನ್ನು ತುಟಿ ಅಲುಗಿಸುತ್ತ ಮೊದಲಿಂದ ಕೊನೆಯವರೆಗೆ ಓದಿದ. ಇಷ್ಟಕ್ಕೂ ತನ್ನ ಕೈ ಸರಿಯೋ ತಪ್ಪೋ ಎನ್ನುವುದಕ್ಕಿಂತ ಶುಕ್ರವಾರದ ಸೀಟು ಅವನಿಗೆ ದೊಡ್ಡದಾಗಿತ್ತು.

ದುಡ್ಡು ಕೊಟ್ಟು, ಚೀಟಿ ಕೊಡಮ್ಮ ಎಂದ. ಕೇಳುವಾಗ ಕಿವಿ ಕೆಂಪಾಗಿತ್ತು. ಕೊಟ್ಟ ಚೀಟಿಯನ್ನು ಮಡಿಸಿ ಒಳಕಿಸೆಗೆ ಹಾಕಿ ಗುಂಡಿ ಹಾಕಿಕೊಂಡ.

ಶುಕ್ರವಾರ ಬಂತು. ಆ ಸಂಜೆ ಕೊಚ್ಕೋರಿನಲ್ಲಿ ಬಿದ್ದ ಚಳಿಗೆ ನಾಯಿಗಳೂ ಹೊರಗಿರಲಿಲ್ಲ. ಮನೆಮನೆಯಲ್ಲಿ ಹೀಟರ್ ಹತ್ತಿದವು. ಸಬಿರ್‌ಕುಲ್ ಹೆಡ್‌ಫೋನ್ ಏರಿಸಿ ಕೂತ. ಈ ಸಲ ಭಾಷಣ ಮಾಡಲಿಲ್ಲ. ಹಿಂದೆ ಕಲಿಪಾ ಬೇಕೆಂದೇ ಕೆಟಲ್ಲನ್ನು ಬಾಯಿವರೆಗೂ ತುಂಬಿ ಹಚ್ಚಿದಳು. ಬಲ್ಬು ಮೊದಲು ಹಾಲು ಹಾಕಿದ ಚಹಾದ ಬಣ್ಣಕ್ಕೆ, ಆಮೇಲೆ ಬರೀ ಚಹಾದ ಬಣ್ಣಕ್ಕೆ ಇಳಿಯಿತು. ಟ್ಯಾಂಕು ಇಕ್ಕಟ್ಟಿನ ಬೀದಿಗೆ ಇಳಿಯಿತು. ಕೆಮ್ಮು ಶುರುವಾಯಿತು. ಗುಂಡು ಸಿಡಿಯಿತು, ಇನ್ನೊಂದು ಸಿಡಿಯಿತು, ಪರದೆ ಪೂರ್ತಿ ಬೆಂಕಿಯಾಯಿತು. ಸಬಿರ್‌ಕುಲ್ ಉಸಿರು ಬಿಗಿಹಿಡಿದುಕೊಂಡು ಕಾದ. ಪರದೆ ಉರಿಯುತ್ತಲೇ ಇತ್ತು. ಅವನು ಟ್ಯಾಂಕನ್ನು ಹೊಗೆಯೊಳಗಿಂದ ಆಚೆ ದಾಟಿಸಿದ, ನೋರ್‌ಮುರೋದ್ ಮೂರು ಶತ್ರುಗಳನ್ನು ಹೊಡೆದುರುಳಿಸಿ ತನ್ನನ್ನೇ ತಾನು ಹೊಗಳಿಕೊಂಡ. ಗೆದ್ದರು.

ಎರಡು ಯುದ್ಧಗಳ ನಡುವಿನ ಬಿಡುವು ಬಂತು.

"ಸಬಿರ್‌ಕುಲ್," ಎಂದ ಯೆಸಿಮ್‌ಖಾನ್. "ಇದೀಯಾ?"

"ಇದೀನಿ ಕಮಾಂಡರ್."

"ನಾನು ಕೆಮ್ಮೋಕೆ ಶುರು ಮಾಡಿದಾಗೆಲ್ಲ ನೀನು ಹೋಗ್ಬಿಡ್ತಿದ್ದೆ. ಪ್ರತಿಸಲ. ಕೇಳೋಕಾಗ್ದೆ ಆರಿಸ್ತಿದೀಯ ಅಂದ್ಕೊಂಡಿದ್ದೆ." ಅವನು ನಿಲ್ಲಿಸಿ ಉಸಿರು ತೆಗೆದುಕೊಂಡ. "ನಮ್ಮ ಸೊಸೆನೂ ಎದ್ದು ಬೇರೆ ರೂಮಿಗೆ ಹೋಗ್ತಾಳೆ. ನೀನಾಗೇ ಬಿಟ್ಟು ಹೋಗೋಕ್ಮುಂಚೆ ನಾನೇ ನಿನ್ನ ತೆಗೆದ್ರೆ ಒಳ್ಳೇದು ಅನ್ನಿಸ್ತು."

ಸಬಿರ್‌ಕುಲನ ಬಾಯಲ್ಲಿ ಸಿಮೆಂಟು, ಕೆಂಪು ಟೊಪ್ಪಿಗೆ, ಹೀಟರು, ಇನ್ನೂರ ನಲವತ್ತು ಎಲ್ಲ ಒಟ್ಟಿಗೆ ನುಗ್ಗಿ ಬಂದವು. ಇಷ್ಟು ದಿನ ತನ್ನ ಸೀಟು ಹೋದೀತೆಂದು ತಾನು ಹೆದರುತ್ತಿದ್ದಾಗ, ಕರಗಂದದಲ್ಲಿ ಕೂತವನು ತನ್ನ ಕೆಮ್ಮಿಗೆ ಹೆದರುತ್ತಿದ್ದ. ಇವನಿಗೆ ಅದು ಹೊಳೆದಿರಲೇ ಇಲ್ಲ.

"ಕರೆಂಟು ಹೋಗ್ತಿತ್ತು ಕಮಾಂಡರ್," ಎಂದ ಕೊನೆಗೆ. "ನಾನು ಹೋಗಿದ್ದಲ್ಲ."

ಎರಡನೆಯ ಯುದ್ಧ ಶುರುವಾಯಿತು. ಟ್ಯಾಂಕು ಒಂದು ಸೇತುವೆಯ ಮೇಲೆ ಏರಿ ಅರ್ಧಕ್ಕೆ ಬಂದಿತ್ತು. ಬಲಕ್ಕೋ ಎಡಕ್ಕೋ ಎಂದು ಹೇಳಬೇಕಾದ ಧ್ವನಿ ಹೇಳಲಿಲ್ಲ. ಕೆಮ್ಮು ಬಂದಿತ್ತು, ಎದೆಯ ತಳದಿಂದ ಎದ್ದು ಬಂದ ಕೆಮ್ಮು. ಸಬಿರ್‌ಕುಲ್ ಕೀಲಿಗಳ ಮೇಲಿಂದ ಎರಡೂ ಕೈ ತೆಗೆದ. ಟ್ಯಾಂಕು ಸೇತುವೆಯ ನಡುವೆ ನಿಂತಿತು. ದಡದ ಮೇಲೆ ಶತ್ರುಗಳು ಒಬ್ಬೊಬ್ಬರಾಗಿ ಕಾಣಿಸಿಕೊಂಡರು. ಓಡ್ಸೋ, ಯಾಕೋ ನಿಲ್ಲಿಸ್ದೆ, ಮತ್ತೆ ಸತ್ತಿತಾ ನಿನ್ನ ಯಂತ್ರ ಎಂದು ನೋರ್‌ಮುರೋದ್ ಜಿಜ್ಜಾಖಿನಿಂದ ಕೂಗಿಕೊಂಡ.

"ಏನೂ ಸತ್ತಿಲ್ಲ. ಸುಮ್ನಿರು," ಎಂದ ಸಬಿರ್‌ಕುಲ್. "ಕಮಾಂಡರ್ ಕೆಮ್ತಿದಾರೆ."

ಗುಂಡುಗಳು ಬಂದು ಬಡಿದವು, ಟ್ಯಾಂಕು ಹೊತ್ತಿಕೊಂಡಿತು, ಆಟ ಸೋತರು. ಹೆಡ್‌ಫೋನಿನ ಆ ತುದಿಯಲ್ಲಿ ಯೆಸಿಮ್‌ಖಾನ್ ಯಾವ ಅವಸರವೂ ಇಲ್ಲದೆ, ಪೂರ್ತಿಯಾಗಿ ಕೆಮ್ಮಿ ಮುಗಿಸಿದ.